ಕತ್ತಲಲ್ಲಿದ್ದ ಪ್ರಯೋಗಗಳು

ಕೇಳುಗರಿಗೆ ನಮಸ್ಕಾರ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆ ನೆನಪಿರಬಹುದು. ಟೈಟ್ರೇಷನ್ ರೀಡಿಂಗ್ ಸರಿ ಬರದಿದ್ದರೆ ಹೊಡೆದುಹಾಕುತ್ತಿದ್ದೆವು. ಸರಿ ಬಂದದ್ದನ್ನು ಮಾತ್ರ ರೆಕಾರ್ಡ್ ಪುಸ್ತಕಕ್ಕೆ ನೀಟಾಗಿ ಇಳಿಸುತ್ತಿದ್ದೆವು. ದೊಡ್ಡ ಸಂಶೋಧನೆಯಲ್ಲೂ ಹೆಚ್ಚುಕಡಿಮೆ ಹೀಗೇ. ಆದ ಪ್ರಯೋಗ ಅಚ್ಚಾಗುತ್ತದೆ. ಆಗದ್ದು ನೋಟ್‌ಬುಕ್‌ನಲ್ಲೇ ಉಳಿದು ಮೂಲೆ ಸೇರುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹ್ಯಾವರ್‌ಫೋರ್ಡ್ ಅಂತ ಒಂದು ಚಿಕ್ಕ ಕಾಲೇಜು ಇದೆ. ಅಲ್ಲಿ ಅಲೆಕ್ಸಾಂಡರ್ ನಾರ್ಕ್ವಿಸ್ಟ್, ಜೋಶುವಾ ಶ್ರಿಯರ್ ಎಂಬ ಇಬ್ಬರು ರಸಾಯನಶಾಸ್ತ್ರದವರು, ಸೊರೆಲ್ ಫ್ರೀಡ್ಲರ್ ಎಂಬ ಕಂಪ್ಯೂಟರ್ ವಿಜ್ಞಾನಿಯ ಜೊತೆ ಸೇರಿ ಆ ಮೂಲೆಯ ನೋಟ್‌ಬುಕ್‌ಗಳನ್ನು ಮತ್ತೆ ತೆರೆದರು. ಆಗದೇ ಹೋದವಕ್ಕೆ ಅವರಿಟ್ಟ ಹೆಸರು ಕತ್ತಲ ಪ್ರಯೋಗಗಳು.

ಅವೆಲ್ಲ ಹರಳು ಬೆಳೆಸುವ ಪ್ರಯೋಗಗಳು. ಲೋಹದ ಸಂಯುಕ್ತ, ಅಮೀನ್ ಎಂಬ ಇಂಗಾಲದ ವಸ್ತು, ನೀರು, ಇಷ್ಟನ್ನು ಮುಚ್ಚಿದ ಪಾತ್ರೆಯಲ್ಲಿ ಬಿಸಿಗೆ ಇಡುತ್ತಾರೆ. ತೆರೆದಾಗ ಒಳ್ಳೆಯ ಹರಳು ಸಿಗಬಹುದು. ಬರೀ ಪುಡಿ ಸಿಗಬಹುದು. ಏನೂ ಸಿಗದೆಯೂ ಇರಬಹುದು. ಅಳತೆ ಎಷ್ಟು, ಶಾಖ ಎಷ್ಟು, ಎಷ್ಟು ಹೊತ್ತು, ಹುಳಿ ಎಷ್ಟು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನುರಿತ ಕೈಗಳೂ ಇಲ್ಲಿ ಅಂದಾಜಿನ ಮೇಲೇ ನಡೆಯುತ್ತವೆ.

ಸುಮಾರು 4,000 ಪ್ರಯೋಗಗಳ ವಿವರವನ್ನು ಕಂಪ್ಯೂಟರ್‌ಗೆ ಕಲಿಸಿದರು. ಕೆಟ್ಟದ್ದನ್ನೂ ಬಿಡಲಿಲ್ಲ. ಬರೀ ಗೆದ್ದದ್ದನ್ನೇ ತೋರಿಸಿದರೆ ಯಂತ್ರ ಎಲ್ಲದಕ್ಕೂ ಆಗುತ್ತೆ ಅಂದುಬಿಡುತ್ತದೆ. ಗೆರೆ ಎಳೆಯಬೇಕಾದರೆ ಆಚೆ ಬದಿಯೂ ಕಾಣಬೇಕು, ಅಲ್ವಾ?

ಆಮೇಲೆ ಪರೀಕ್ಷೆ. ಅದುವರೆಗೆ ಬಳಸದ ಅಮೀನ್‌ಗಳನ್ನು ತಂದು, ಯಂತ್ರ ಹೇಳಿದಂತೆ ಮಾಡಿ ನೋಡಿದರು. 100ಕ್ಕೆ 89 ಸಲ ಫಲ ಸಿಕ್ಕಿತು. ಮನುಷ್ಯರ ಅಂದಾಜಿನಲ್ಲಿ ಸಿಕ್ಕಿದ್ದು 78. ಇದು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ನನಗೆ ಅಂಕಿಗಿಂತ ಇಷ್ಟವಾದದ್ದು ಅವರ ಮುಂದಿನ ಹೆಜ್ಜೆ. ಯಂತ್ರ ಹೇಳಿತು ಅಂತ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಅದು ಕಲಿತದ್ದನ್ನು ಪ್ರಶ್ನೆಗಳ ಮರವಾಗಿ ಬಿಡಿಸಿದರು. ಅಮೀನ್ ಹೀಗಿದ್ದರೆ ಈ ಕೊಂಬೆ, ಹಾಗಿದ್ದರೆ ಆ ಕೊಂಬೆ. ಅದನ್ನು ಓದಿ, ಹರಳು ಯಾಕೆ ಬೆಳೆಯುತ್ತದೆ ಅನ್ನುವುದಕ್ಕೇ ಹೊಸ ಊಹೆಗಳು ಸಿಕ್ಕವು.

ಅಲ್ಲಿಗೂ ನಿಲ್ಲಲಿಲ್ಲ. 2019ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಇಂಥ ಹರಳುಗಳಲ್ಲಿ 100ಕ್ಕೆ 79ರಲ್ಲಿ ಇದ್ದದ್ದು, ಬಳಕೆಯ ಅಮೀನ್‌ಗಳ ಪೈಕಿ 100ಕ್ಕೆ 17 ಮಾತ್ರ. ಹಿಂದಿನವರು ಬಳಸಿದ್ದನ್ನೇ ಮುಂದಿನವರೂ ಎತ್ತಿಕೊಂಡಿದ್ದರು. ಹಾಗಾದರೆ ಜನಪ್ರಿಯವಾದ್ದೇ ಒಳ್ಳೆಯದಾ? ನೋಡೋಣ ಅಂತ ಚೀಟಿ ಎತ್ತಿದ ಹಾಗೆ 548 ಪ್ರಯೋಗ ಮಾಡಿದರು. ಜನಪ್ರಿಯತೆಗೂ ಫಲಕ್ಕೂ ಸಂಬಂಧವೇ ಕಾಣಲಿಲ್ಲ. ಚೀಟಿ ಎತ್ತಿ ಮಾಡಿದ ಆ ಕೆಲವೇ ಪ್ರಯೋಗಗಳಿಂದ ಕಲಿತ ಯಂತ್ರ, ಮನುಷ್ಯರು ಆರಿಸಿ ಮಾಡಿದ ಜಾಸ್ತಿ ಪ್ರಯೋಗಗಳಿಂದ ಕಲಿತ ಯಂತ್ರಕ್ಕಿಂತ ಚೆನ್ನಾಗಿ ಊಹಿಸಿತು.

ನಮಸ್ಕಾರ.