ಓಣಿಯ ತೋಟಕ್ಕೆ ಬೇಸಿಗೆಯೇ ಪರೀಕ್ಷೆ

ಶ್ರೋತೃಗಳಿಗೆ ನಮಸ್ಕಾರ.

ಓಣಿಯ ಜನರೆಲ್ಲ ಕೂಡಿ ನಡೆಸುವ ತೋಟವನ್ನು ನೋಡಬೇಕೆಂದು ಯಾರಾದರೂ ಕೇಳಿದರೆ, ಡಿಸೆಂಬರ್ ತಿಂಗಳಿನಲ್ಲಿ ಬನ್ನಿ ಎಂದು ನಾವು ಹೇಳುವುದು ರೂಢಿ. ಆಗ ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಯ ಮಡಿಗಳು ತುಂಬಿಕೊಂಡಿರುತ್ತವೆ, ಬದನೆ ಗಿಡಗಳು ಕಾಯಿ ಹೊತ್ತು ಬಾಗಿರುತ್ತವೆ, ನಡುಮಧ್ಯಾಹ್ನದಲ್ಲಿಯೂ ಅಲ್ಲಿ ನಿಂತು ನಾಲ್ಕು ಮಾತನಾಡಬಹುದು. ರಾಯಚೂರಿನ ಮಟ್ಟಿಗೆ ಇದು ಸ್ವಲ್ಪ ಜಾಣತನದ ಆಹ್ವಾನವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಚಳಿಗಾಲದ ತೋಟವನ್ನು ಯಾರು ಬೇಕಾದರೂ ಮಾಡಬಹುದು. ಬಿಸಿಲು 40 ಡಿಗ್ರಿಯನ್ನು ದಾಟಿ ವಾರಗಟ್ಟಲೆ ಅಲ್ಲಿಯೇ ನಿಲ್ಲುವ ಮೇ ತಿಂಗಳಿನಲ್ಲಿ ಆ ತೋಟದ ಮಣ್ಣು ಹೇಗಿದೆ, ಅದನ್ನು ನೋಡಿಕೊಳ್ಳುವ ಜನ ಇನ್ನೂ ಒಟ್ಟಿಗಿದ್ದಾರೆಯೇ ಎಂಬುದೇ ನಿಜವಾದ ಪ್ರಶ್ನೆ. ಆದ್ದರಿಂದ ನಮ್ಮ ಬಡಾವಣೆಯ ತೋಟದ ಋತುಗಳನ್ನು ನಾನು ಬೇಸಿಗೆಯಿಂದಲೇ ಆರಂಭಿಸುತ್ತೇನೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ಎಡೆದೊರೆ ನಾಡಿನಲ್ಲಿ ನೀರಿಗೇಕೆ ಚಿಂತೆ ಎಂದು ಹೊರಗಿನವರು ಕೇಳುವುದುಂಟು. ಒಂದು ಸಣ್ಣ ಲೆಕ್ಕ ಹಾಕಿದರೆ ಚಿಂತೆ ಏಕೆಂದು ತಿಳಿಯುತ್ತದೆ. ಕಡುಬೇಸಿಗೆಯಲ್ಲಿ ಬಿಸಿಲು ಮತ್ತು ಬಿಸಿಗಾಳಿ ಸೇರಿ ಬೆಳೆಯಿರುವ ನೆಲದಿಂದ ದಿನಕ್ಕೆ 7ರಿಂದ 8 ಮಿಲಿಮೀಟರಿನಷ್ಟು ನೀರನ್ನು ಹೀರಿಕೊಂಡು ಹೋಗುತ್ತವೆ. ಒಂದು ಚದರ ಮೀಟರ್ ನೆಲದ ಮೇಲಿನ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಹಾಗಾದರೆ ಹತ್ತು ಚದರ ಮೀಟರಿನ ಒಂದೇ ಒಂದು ಸೊಪ್ಪಿನ ಮಡಿಗೆ ದಿನವೂ 70ರಿಂದ 80 ಲೀಟರ್ ಬೇಕು. ಮನೆಗೆ ನೀರು ಹಿಡಿಯುವುದಕ್ಕೇ ಕೊಡಗಳನ್ನು ಸಾಲಾಗಿ ಇಡುವ ಓಣಿಯಲ್ಲಿ ಹತ್ತು ಮಡಿಗಳಿಗೆ ಇಷ್ಟು ನೀರನ್ನು ಕೇಳುವುದು ನ್ಯಾಯವೂ ಅಲ್ಲ, ಆಗುವ ಮಾತೂ ಅಲ್ಲ.

ಕೊಳವೆಬಾವಿ ಇದೆಯಲ್ಲ ಎಂದರೆ, ಅದರ ನೀರು ನಮ್ಮ ಭಾಗದ ಹಲವು ಕಡೆ ಉಪ್ಪು. ಆ ನೀರನ್ನು ಎರೆಮಣ್ಣಿಗೆ ಬೇಸಿಗೆಯುದ್ದಕ್ಕೂ ಹರಿಸಿದರೆ ನೀರು ಆವಿಯಾಗಿ ಹೋಗಿ ಉಪ್ಪು ಮೇಲಕ್ಕೆ ಏಳುತ್ತದೆ; ಮಡಿಯ ಅಂಚಿನಲ್ಲಿ ಬಿಳಿಯ ಪೊರೆ ಕಾಣಿಸಿಕೊಂಡಿತೆಂದರೆ ನೆಲ ಸವಳಾಗತೊಡಗಿದೆ ಎಂದೇ ಅರ್ಥ. ಕಾಲುವೆ ನೀರಾವರಿಯ ಹೊಲಗಳಲ್ಲಿ ಸವಳು-ಜವಳಿನ, ಎಂದರೆ ಉಪ್ಪೇರಿದ ಮತ್ತು ನೀರು ನಿಂತು ಕೆಟ್ಟ ನೆಲದ, ಪಾಡನ್ನು ನಮ್ಮ ರೈತರು ಎಂದಿನಿಂದಲೋ ಬಲ್ಲರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಮಣ್ಣಿನ ಮೇಲೆಯೇ ಸಂಶೋಧನೆ ನಡೆಯುತ್ತ ಬಂದಿದೆ. ಹೊಲದಲ್ಲಿ ಆದದ್ದು ಓಣಿಯ ತೋಟದಲ್ಲಿ ಆಗಲು ಹೆಚ್ಚು ಕಾಲ ಬೇಕಿಲ್ಲ.

ಹೀಗಾಗಿ ಯುಗಾದಿ ಕಳೆಯುತ್ತಿದ್ದಂತೆ ನಾವು ಅರ್ಧಕ್ಕಿಂತ ಹೆಚ್ಚು ಮಡಿಗಳನ್ನು ಖಾಲಿ ಬಿಡುತ್ತೇವೆ. ಖಾಲಿ ಬಿಡುವುದೆಂದರೆ ಕೈಬಿಡುವುದಲ್ಲ. ಅಗೆದು, ಹೆಂಟೆ ಒಡೆದು, ಒಮ್ಮೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟಿಕೊಳ್ಳುವಂತೆ ಹಾಸಿ, ಸುತ್ತಲೂ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಹಾಗೆಯೇ ಇಡುತ್ತೇವೆ. ಹಾಳೆಯ ಕೆಳಗೆ ಕಾಯ್ದ ಮಣ್ಣಿನಲ್ಲಿ ಕಳೆಯ ಬೀಜಗಳೂ ಬೇರುಗಂಟು ತರುವ ಜಂತುಗಳೂ ಬಹಳ ಮಟ್ಟಿಗೆ ಸಾಯುತ್ತವೆ. ನಮ್ಮನ್ನು ಮನೆಯೊಳಗೆ ಕೂಡಿಹಾಕುವ ಬಿಸಿಲಿನಿಂದ ಹೀಗೆ ಒಂದಿಷ್ಟು ದುಡಿಮೆ ಮಾಡಿಸಿಕೊಳ್ಳುವುದರಲ್ಲಿ ನನಗಂತೂ ಒಂದು ಬಗೆಯ ಸಮಾಧಾನವಿದೆ.

ಉಳಿದ ಮಡಿಗಳಲ್ಲಿ ಬಿಸಿಲು ತಾಳುವ ಬೆಂಡೆ, ಗೋರಿಕಾಯಿ ಎಂದೂ ಕರೆಯುವ ಚವಳಿ, ಹೀರೆ ಇರುತ್ತವೆ. ಇವುಗಳಿಗೆ ನೀರುಣಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೆರುಗು ಕೊಡದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯಷ್ಟೇ ಹೊರಗೆ ಕಾಣುವಂತೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಇಡುತ್ತೇವೆ. ಗಡಿಗೆಯ ಸುತ್ತ ಗೇಣು ದೂರದಲ್ಲಿ ಮೂರು ನಾಲ್ಕು ಬೀಜ ಊರಿದರೆ ಸಾಕು. ಮಣ್ಣು ಒಣಗಿದಾಗ ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಮಣ್ಣು ನೆನೆದಿದ್ದರೆ ಜಿನುಗುವುದು ತಾನಾಗಿಯೇ ತಗ್ಗುತ್ತದೆ. ಕೆಲವು ದಿನ ಕಳೆದ ಮೇಲೆ ಪಕ್ಕದ ಮಣ್ಣನ್ನು ಕೆದರಿ ನೋಡಿದರೆ ಸಣ್ಣ ಬೇರುಗಳು ಗಡಿಗೆಯ ಹೊರಮೈಗೆ ಬಲೆ ನೇಯ್ದ ಹಾಗೆ ಅಂಟಿಕೊಂಡಿರುವುದು ಕಾಣುತ್ತದೆ. ಅದರ ಮೇಲೆ ಜೋಳದ ಕಣಿಕೆಯನ್ನೋ ಭತ್ತದ ಹುಲ್ಲನ್ನೋ ನಾಲ್ಕು ಬೆರಳು ದಪ್ಪ ಹೊದಿಸಿಬಿಟ್ಟರೆ ಸಂಜೆ ಕೈಯಿಟ್ಟಾಗಲೂ ಒಳಗಿನ ಮಣ್ಣು ತಂಪಾಗಿರುತ್ತದೆ. ಎಳೆಯರಿಗೆ ಪೈಪು ಹಿಡಿದು ನೀರು ಚಿಮ್ಮಿಸುವುದೇ ಹಿಗ್ಗು. ಅವರನ್ನು ತಡೆದು ನಮ್ಮ ಓಣಿಯ ಹಿರಿಯ ಅವ್ವ ಒಬ್ಬರು, “ನೀರು ಹೆಚ್ಚಾದ್ರ ಬಳ್ಳಿ ಬೆಳಿತದ, ಕಾಯಿ ಬಿಡಂಗಿಲ್ಲ ನೋಡಪಾ” ಎನ್ನುತ್ತಾರೆ. ಅವರ ಮಾತು ಸರಿಯೇ.

ಗಡಿಗೆಗಳನ್ನು ತುಂಬುವ ಪಾಳಿಯ ವಿಷಯದಲ್ಲಿಯೇ ಇಂಥ ತೋಟಗಳು ಸಾಮಾನ್ಯವಾಗಿ ಮುರಿದುಬೀಳುವುದು. ರಜೆಗೆ ಊರಿಗೆ ಹೋಗುವವರು, ಮದುವೆ ಮುಂಜಿಗಳಿಗೆ ಓಡಾಡುವವರು, ಬಿಸಿಲಿಗೆ ತಲೆ ಸುತ್ತುವುದೆಂದು ಹಿಂಜರಿಯುವವರು ಎಲ್ಲರೂ ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿಯೇ ಇರುತ್ತಾರೆ. ನಾವು ಕಂಡುಕೊಂಡ ಉಪಾಯವೆಂದರೆ ಪಾಳಿಯನ್ನು ಒಬ್ಬರ ಹೆಸರಿಗೆ ಬರೆಯದೆ ಎರಡು ಮನೆಗಳ ಹೆಸರಿಗೆ ಕೂಡಿಸಿ ಬರೆಯುವುದು, ಮತ್ತು ಕೆಲಸವನ್ನು ಬೆಳಗಿನ ಏಳರೊಳಗೆ ಮುಗಿಸುವುದು. ತಪ್ಪಿಸಿದವರಿಗೆ ದಂಡ ಹಾಕುವ ಸಲಹೆಯೂ ಒಮ್ಮೆ ಬಂದಿತ್ತು. ದಂಡ ಕೊಟ್ಟವನು ತೋಟಕ್ಕೆ ಮತ್ತೆ ಬರುವುದಿಲ್ಲವೆಂದು ಅದನ್ನು ಅಲ್ಲಿಗೇ ಬಿಟ್ಟೆವು.

ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎಂಬ ಗಾದೆ ನಮ್ಮ ಕಡೆ ಇದೆ. ಆ ಮಳೆ ಎಲ್ಲ ವರ್ಷವೂ ಮಾತು ಉಳಿಸಿಕೊಳ್ಳುವುದಿಲ್ಲ. ಜೂನ್ ಮೊದಲ ಭಾಗದ ಮಿರಗದ, ಎಂದರೆ ಮೃಗಶಿರೆಯ, ಮಳೆಗೆ ನಾವು ಬಿತ್ತನೆಗೆ ಸಿದ್ಧರಾಗುತ್ತೇವೆ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ನೋಡಲು ಊರೇ ಸೇರುವ ಹೊತ್ತಿಗೆ ನಮ್ಮ ಮಡಿಗಳಲ್ಲಿ ಪುಂಡಿ, ರಾಜಗಿರಿ, ಸೌತೆಯ ಬೀಜ ಬಿದ್ದಿರಬೇಕು ಎಂಬುದು ಬಯಕೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ನಾಲ್ಕು ಮಳೆಗೆ ಉಬ್ಬಿ ಬಿರುಕೆಲ್ಲ ಮುಚ್ಚಿ, ಆಮೇಲೆ ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಅದಕ್ಕಾಗಿ ಮಡಿಗಳನ್ನು ನೆಲಮಟ್ಟದಿಂದ ಎತ್ತರಿಸಿ, ತಿಪ್ಪೆಗೊಬ್ಬರದ ಜೊತೆಗೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯನ್ನು ಬೆರೆಸುತ್ತೇವೆ. ಸಿಂಧನೂರು, ಮಾನ್ವಿಯ ಕಡೆಯಿಂದ ಇದು ಸುಲಭವಾಗಿ ಸಿಗುತ್ತದೆ. ಅದೇ ದಿನಗಳಲ್ಲಿ ಬೇವಿನ ಹಣ್ಣು ಉದುರುತ್ತದೆ. ಮಕ್ಕಳು ಆರಿಸಿ ತಂದದ್ದನ್ನು ತೊಳೆದು ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ವರ್ಷದ ಔಷಧ ಆಯಿತು: ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ ಹಾಕಿ, ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಬಿಡಾಡಿ ದನ ಮತ್ತು ಹಂದಿಗಳಿಗೆ ಮಾತ್ರ ಈ ಔಷಧ ನಾಟುವುದಿಲ್ಲ. ಅವುಗಳಿಗೆ ಬಳ್ಳಾರಿ ಜಾಲಿಯ ಮುಳ್ಳಿನ ಬೇಲಿಯೇ ಬೇಕು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಸೆಪ್ಟೆಂಬರಿನ ಪಾಲು ದೊಡ್ಡದು. ನೂರು ಚದರ ಮೀಟರಿನ ತಾರಸಿಯ ಮೇಲೆ ಇಷ್ಟು ಮಳೆ ಬಿದ್ದರೆ ಲೆಕ್ಕಕ್ಕೆ 60,000 ಲೀಟರ್ ನೀರು. ಹರಿದು ಆವಿಯಾಗಿ ಹೋದದ್ದನ್ನು ಕಳೆದರೂ ಬಹಳಷ್ಟು ಉಳಿಯುತ್ತದೆ. ಈ ನೀರಿನಲ್ಲಿ ಉಪ್ಪಿಲ್ಲ, ಅದೇ ಅದರ ಬೆಲೆ. ತೊಟ್ಟಿ ತುಂಬಿದ ಮೇಲೆ ಹೆಚ್ಚಾದದ್ದನ್ನು ಮಡಿಗಳಿಗೇ ಹರಿಯಬಿಟ್ಟರೆ ಬೇಸಿಗೆಯಲ್ಲಿ ಮೇಲೆದ್ದ ಉಪ್ಪು ತೊಳೆದು ಕೆಳಗಿಳಿಯುತ್ತದೆ. ಮಡಿಗಳನ್ನು ಎತ್ತರಿಸಿ ಕಾಲುವೆ ತೋಡಿರದಿದ್ದರೆ ಮಾತ್ರ ಅದು ಅಲ್ಲಿಯೇ ನಿಂತು ಬೇರು ಕೊಳೆಸುತ್ತದೆ.

ಚಳಿಗಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಆಗ ಎಲ್ಲವೂ ಬೆಳೆಯುತ್ತದೆ. ಆದರೂ ಒಂದು ಮೂಲೆಯಲ್ಲಿ ಹಿಂಗಾರಿಗೆ ಹಾಕುವ ಕಡಲೆಯನ್ನು ಹೇಳದಿದ್ದರೆ ಮಹಿಳೆಯರು ನನ್ನನ್ನು ಒಪ್ಪಲಾರರು. ಗಿಡ ತಿಂಗಳಾಗುತ್ತಿದ್ದಂತೆ ಅದರ ಕುಡಿ ಚಿವುಟಬೇಕು. ಚಿವುಟಿದಲ್ಲಿ ಕವಲು ಹೆಚ್ಚಿ ಕಾಯಿಯೂ ಹೆಚ್ಚುತ್ತದೆ, ಚಿವುಟಿದ ಕುಡಿ ಪಲ್ಯವಾಗುತ್ತದೆ. ಎಲೆಯ ಮೇಲೆ ಮ್ಯಾಲಿಕ್ ಆಮ್ಲವಿರುವುದರಿಂದ ಬೆಳಗಿನ ಇಬ್ಬನಿಯಲ್ಲಿ ಕುಡಿ ಕೊಯ್ದವರ ಬೆರಳು ಹುಳಿಯಾಗಿ, ಗೀರುಗಳಿದ್ದರೆ ಚುರುಗುಟ್ಟುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲವಿದ್ದವರು ಹೊಲಕ್ಕೆ ಹೋಗಿ ಚರಗ, ಎಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿದರೆ, ಹೊಲವಿಲ್ಲದ ನಮ್ಮಲ್ಲಿ ಕೆಲವರು ಮಡಿಗಳ ಸುತ್ತಲೇ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟವನ್ನು ಅಲ್ಲಿಯೇ ಹಂಚಿಕೊಂಡು ಉಣ್ಣುತ್ತಾರೆ. ಪಾಳಿಗೆ ಬಾರದವರೂ ಅಂದು ಬರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ತಮ್ಮ ಓಣಿಯಲ್ಲಿಯೂ ಇಂಥದೊಂದನ್ನು ಆರಂಭಿಸಬೇಕೆನ್ನುವವರು ಮೊದಲು ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಊರಿನಲ್ಲಿಯೇ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಮೊದಲ ವರ್ಷಕ್ಕೆ ನಾಲ್ಕು ಮಡಿ ಸಾಕು, ಪುಂಡಿ ಮತ್ತು ಚವಳಿಯಿಂದ ತೊಡಗಿರಿ. ಟೊಮೆಟೊ ಬೇಕೇಬೇಕೆನ್ನುವವರು ದಸರೆಯವರೆಗೆ ತಡೆದುಕೊಳ್ಳಬೇಕು, ಏಕೆಂದರೆ ಹಗಲು 35 ಡಿಗ್ರಿ ಮೀರಿ ರಾತ್ರಿಯೂ ಸೆಕೆ ಇಳಿಯದಿದ್ದಾಗ ಅದರ ಹೂವು ಕಾಯಿಯಾಗದೆ ಉದುರಿಹೋಗುತ್ತದೆ. ನೀವು ಎಷ್ಟು ನೀರು ಹಾಕಿದರೂ ಅಷ್ಟೇ.

ನಮಸ್ಕಾರ.