ಆಸ್ಪತ್ರೆ ಮ್ಯಾನೇಜರರ ರಕ್ತದೊತ್ತಡ

ನಮಸ್ಕಾರ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಆಸ್ಪತ್ರೆಗಳಲ್ಲಿ ಆಡಳಿತ ನೋಡಿಕೊಳ್ಳುವ ನಮ್ಮವರು ಈಗ ಕೇಳುತ್ತಿರಬಹುದು, ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡೇ. "ಕೆಲಸ ಜಾಸ್ತಿ, ಅದಕ್ಕೇ ಟೆನ್ಷನ್" ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ಹೊಣೆ ನಿಮ್ಮದು, ಅಧಿಕಾರ ಇನ್ನೊಬ್ಬರದು. ರೋಗ ಇರುವುದು ಇಲ್ಲಿ. ಕೆಲಸದ ಬೇಡಿಕೆ ಹೆಚ್ಚಿದ್ದು ಕೈಯಲ್ಲಿ ಹಿಡಿತ ಕಡಿಮೆಯಿದ್ದರೆ ಮನುಷ್ಯ ಬಳಲುತ್ತಾನೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕಾರಸೆಕ್ 1979ರಲ್ಲೇ ಬರೆದಿದ್ದಾರೆ.

ಒಂದು ಡಿಸ್ಚಾರ್ಜ್ ನೋಡೋಣ. ಜುಲೈ ತಿಂಗಳು, ಹೊರಗೆ ಮುಂಬಯಿಯ ಮಳೆ, ಕ್ಯಾಶುವಾಲ್ಟಿಯಲ್ಲಿ ಡೆಂಗಿ ಜ್ವರದವರು ಹಾಸಿಗೆಗೆ ಕಾಯುತ್ತಿದ್ದಾರೆ. ಹತ್ತು ಗಂಟೆಯ ರೌಂಡಿನಲ್ಲಿ ಡಾಕ್ಟರು "ನೀವಿನ್ನು ಮನೆಗೆ ಹೋಗಬಹುದು" ಎಂದರು. ಮನೆಯವರು ಆಗಲೇ ಚೀಲ ಕಟ್ಟಿದರು. ಆದರೆ ಉಳಿದ ಔಷಧಿ ಫಾರ್ಮಸಿಗೆ ವಾಪಸಾಗದೆ ಬಿಲ್ ಮುಗಿಯುವುದಿಲ್ಲ. ವಾರ್ಡಿನಲ್ಲಿ ಇರುವ ಒಬ್ಬಳೇ ಸಿಸ್ಟರ್ ಇಂಜೆಕ್ಷನ್ ಕೊಡುತ್ತಿದ್ದಾಳೆ. ಸಮ್ಮರಿ, ಅಂದರೆ ಚಿಕಿತ್ಸೆಯ ಸಾರಾಂಶ ಟೈಪಾಗಿದೆ, ಸಹಿ ಹಾಕಬೇಕಾದ ಡಾಕ್ಟರು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿದ್ದಾರೆ. ಒಂದೂವರೆಗೆ ಸಹಿಯಾಯಿತು, ಎರಡಕ್ಕೆ ಕಾಗದ ಟಿಪಿಎಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಗೆ ಹೋಯಿತು. ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಕರು 2024ರಲ್ಲಿ ಕಟ್ಟಪ್ಪಣೆ ಮಾಡಿದ್ದಾರೆ, ನಿಜ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಕೋರಿಕೆ ತಲುಪಿದ ಮೇಲೆ. ಅಷ್ಟರಲ್ಲಿ ನಾಲ್ಕು ಗಂಟೆ ನಮ್ಮಲ್ಲೇ ಹೋಗಿದೆ! ಐದಕ್ಕೆ ರೋಗಿಯ ಮಗ ಕೌಂಟರ್ ಬಡಿಯುತ್ತಾನೆ, ಆರಕ್ಕೆ ಟ್ರಸ್ಟಿ ಫೋನ್ ಮಾಡುತ್ತಾರೆ. ಮ್ಯಾನೇಜರು ಸಮ್ಮರಿಗೆ ಸಹಿ ಹಾಕುವಂತಿಲ್ಲ, ಕ್ಲೇಮ್ ಮಂಜೂರು ಮಾಡುವಂತಿಲ್ಲ, ಇನ್ನೊಬ್ಬ ಸಿಸ್ಟರನ್ನು ತರುವಂತಿಲ್ಲ. ಬೈಗುಳ ಮಾತ್ರ ಪೂರ್ತಿ ಅವರ ಪಾಲಿಗೆ.

ಇದಕ್ಕೆ ಯೋಗಾಸನದ ಶಿಬಿರ ಮಾಡಿಸುತ್ತಾರಲ್ಲ, ನನಗೆ ನಗು ಬರುತ್ತದೆ. ಹಿಂದಿನ ಸಂಜೆಯೇ ಸಮ್ಮರಿಯ ಕರಡು ತಯಾರಿರಲಿ, ಬೇಡದ ಔಷಧಿ ರಾತ್ರಿಯೇ ವಾಪಸಾಗಲಿ. ರೌಂಡಿನಲ್ಲೇ ಸಹಿ ಬೀಳಲಿ. ಡಾಕ್ಟರು ಓಟಿಯಲ್ಲಿದ್ದರೆ ಯಾರು ಸಹಿ ಹಾಕಬೇಕೆಂದು ಆಡಳಿತ ಮಂಡಳಿ ಬರೆದುಕೊಡಲಿ. ಎಷ್ಟು ರೂಪಾಯಿಯವರೆಗೆ ಮ್ಯಾನೇಜರೇ ರಿಯಾಯಿತಿ ಕೊಡಬಹುದು ಎಂಬುದೂ ಅದೇ ಕಾಗದದಲ್ಲಿ ಬರಲಿ. ಬಾಯಿಮಾತಿನ ಅಧಿಕಾರ ಅಧಿಕಾರವೇ ಅಲ್ಲ.

ಸಮಯ ಓಡುತ್ತಿದೆ, ಸಿಬ್ಬಂದಿಯ ವಿಷಯ ಬೇಗ ಹೇಳುತ್ತೇನೆ. ಹಗಲೂ ರಾತ್ರಿಯೂ ಒಬ್ಬರು ಇರಲೇಬೇಕಾದ ಒಂದು ಜಾಗಕ್ಕೆ ಮೂರು ಪಾಳಿ, ಹಾಗಾಗಿ ಮೂವರು ಸಾಕು ಅನ್ನುತ್ತಾರೆ ಮಂಡಳಿಯವರು. ವಾರಕ್ಕೆ 168 ಗಂಟೆ, ಒಬ್ಬರ ದುಡಿಮೆ 48. ಭಾಗಿಸಿ ನೋಡಿ, ಮೂರೂವರೆ. ಗಣಪತಿಗೆ ಊರಿಗೆ ಹೋಗುವವರ ರಜೆ ಸೇರಿಸಿದರೆ ನಾಲ್ಕು ದಾಟುತ್ತದೆ. ಆ ಕೊರತೆ ತುಂಬಲು ರಾತ್ರಿ ಹನ್ನೊಂದಕ್ಕೆ ಫೋನ್ ತಿರುಗಿಸುತ್ತ ಕೂರುವವರು ಮತ್ತೆ ಮ್ಯಾನೇಜರೇ, ನೇಮಕಾತಿಯ ಆದೇಶಕ್ಕೆ ಸಹಿ ಹಾಕುವವರು ಮತ್ತೆ ಬೇರೆಯವರೇ. ರಾತ್ರಿ ಎಂಟರ ನಂತರದ ಫೋನ್ ಯಾರದೆಂದು ಸರದಿಯ ಪಟ್ಟಿ ಬರೆದು ಆಪರೇಟರ್ ಮೇಜಿಗೆ ಅಂಟಿಸಿ. ಟ್ರಸ್ಟಿಗಳಿಗೂ ಒಂದು ಪ್ರತಿ ಕಳಿಸಿ. ನಮಸ್ಕಾರ.