ಹೆಸರು ಕೆತ್ತುವ ಮುನ್ನ

ಮಾನ್ಯ ಕೇಳುಗರೇ, ನಮಸ್ಕಾರ. ಚಿತ್ರ, ಸಂಗೀತ, ನಾಟಕ, ಸಾಹಿತ್ಯ, ಯಾವ ಕಲೆಯನ್ನೇ ನೆಚ್ಚಿಕೊಂಡವರಿಗೂ ಒಂದು ವಯಸ್ಸು ದಾಟಿದ ಮೇಲೆ, ತಾನು ಮಾಡಿದ್ದರಲ್ಲಿ ಉಳಿಯುವಂಥದ್ದು ಯಾವುದೆಂಬ ಪ್ರಶ್ನೆ ಕಾಡತೊಡಗುತ್ತದೆ. ಪ್ರಶಸ್ತಿ ಫಲಕಗಳಲ್ಲಿ, ಮೊಬೈಲಿನಲ್ಲಿ ಬಂದ ಮೆಚ್ಚುಗೆಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಮುಂದೆ ಒಂದು ಗಳಿಗೆ ನಿಲ್ಲುವುದು ಮೇಲು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಈ ದೇಗುಲ ಪ್ರತಿಷ್ಠೆಗೊಂಡದ್ದು 1258ರಲ್ಲಿ. ಗೋಡೆಯ ಮೂರ್ತಿಗಳ ಪೀಠವನ್ನು ಬಗ್ಗಿ ನೋಡಿದರೆ ಅಲ್ಲಲ್ಲಿ ರೂವಾರಿಗಳ, ಎಂದರೆ ಕೆತ್ತಿದ ಶಿಲ್ಪಿಗಳ, ಹೆಸರುಗಳು ಸಿಗುತ್ತವೆ. ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಮಲ್ಲಿತಮ್ಮನ ಹೆಸರು. 1196ರ ಅಮೃತಾಪುರದ ದೇವಾಲಯದಲ್ಲಿಯೇ ಅವನ ಕೆಲಸ ಆರಂಭವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅವನು ಉಳಿ ಹಿಡಿದದ್ದು ಅರವತ್ತಕ್ಕೂ ಹೆಚ್ಚು ವರ್ಷ. ನಡುವೆ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಅವನಿಗೂ ಬೈಚೋಜನೆಂಬ ಇನ್ನೊಬ್ಬ ರೂವಾರಿಗೂ ಗೋಡೆಯನ್ನು ಹಂಚಿಕೊಡಲಾಗಿತ್ತು: ಉತ್ತರದ ಭಾಗ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು. ಪಕ್ಕದಲ್ಲೇ ಸಮರ್ಥನೊಬ್ಬ ಕೆತ್ತುತ್ತಿರುವಾಗ ತನ್ನ ಕೈ ಎಷ್ಟರದೆಂದು ತಿಳಿಯಲು ವಿಮರ್ಶಕ ಬೇಕಾಗಿರಲಿಲ್ಲ.

ಅವರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕೊರಳಹಾರದ ಹಿಂದೆ ನೆರಳು ಕೂರುವಷ್ಟು ಆಳವಾಗಿ ಕೊರೆಯಲು ಸಾಧ್ಯವಾದದ್ದು ಈ ಗುಣದಿಂದ. ಆದರೆ ಕಲ್ಲು ಬಾಳಿತೆಂಬ ಮಾತ್ರಕ್ಕೆ ಕೆಲಸ ಬಾಳಿತೆನ್ನಲಾಗದು. ಅದೇ ಕಲ್ಲಿನಲ್ಲಿ ಕೆತ್ತಿದ, ಯಾರೂ ಎರಡನೆಯ ಸಲ ನೋಡದ ವಿಗ್ರಹಗಳೂ ನಾಡಿನಲ್ಲಿ ಬೇಕಾದಷ್ಟಿವೆ.

ಸೋಮನಾಥಪುರದಲ್ಲಿ ಆದದ್ದನ್ನು ಗಮನಿಸಿ. ಕಟ್ಟಿಸಿದ ದಂಡನಾಯಕನಿಲ್ಲ, ಅವನ ದೊರೆಯ ವಂಶವಿಲ್ಲ, ಗರ್ಭಗುಡಿಯ ಮೂಲ ಕೇಶವನಿಲ್ಲ, ನಿತ್ಯಪೂಜೆಯೂ ನಿಂತುಹೋಗಿದೆ. ಯಾವ ಉದ್ದೇಶಕ್ಕೆಂದು ಆ ಗೋಡೆ ಎದ್ದಿತೋ ಆ ಉದ್ದೇಶವೇ ತೀರಿಹೋದ ಮೇಲೂ, 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಯ ಮಾತು ಹಾಗಿರಲಿ, ಅದು ಸೇರುವ ಮೊದಲೂ ಜನ ಆ ಗೋಡೆಯ ಮುಂದೆ ಮಾತು ಮರೆತು ನಿಲ್ಲುತ್ತಿದ್ದರು.

ಆದುದರಿಂದ ಕಲಾವಿದ ತನ್ನನ್ನು ಕೇಳಿಕೊಳ್ಳಬೇಕಾದದ್ದು, ಬರೆಸಿದ ಸಂಸ್ಥೆ, ಹಾಡಿಸಿದ ಉತ್ಸವ, ಹೊಗಳಿದ ಗೆಳೆಯರು, ಕಡೆಗೆ ತನ್ನ ಹೆಸರು, ಇಷ್ಟನ್ನೂ ಕಳೆದರೆ ಕೃತಿಯಲ್ಲಿ ನೋಡುವುದಕ್ಕೆ ಏನು ಉಳಿಯುತ್ತದೆ ಎಂಬುದನ್ನು. ಹೆಸರನ್ನೂ ಕಳೆಯಬೇಕೆಂದದ್ದು ಸುಮ್ಮನಲ್ಲ: ಅದೇ ಗೋಡೆಯ ಮೇಲೆ ಹೆಸರಿಲ್ಲದ ಮೂರ್ತಿಗಳೂ ಇವೆ, ಅವುಗಳಲ್ಲಿ ಕೆಲವು ಮಲ್ಲಿತಮ್ಮನ ಕೆಲಸಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಹತ್ತು ವರ್ಷದ ಹಿಂದಿನ ಒಂದು ಕೃತಿಯನ್ನು ಹೊರತೆಗೆದು, ಅದು ತಂದುಕೊಟ್ಟ ಸನ್ಮಾನವನ್ನು ಮರೆತು, ಬೇರೊಬ್ಬರದೆಂಬಂತೆ ಪರೀಕ್ಷಿಸಿದರೆ ಈ ಲೆಕ್ಕ ಮನೆಯಲ್ಲಿಯೇ ಇತ್ಯರ್ಥವಾಗುತ್ತದೆ. ನಮಸ್ಕಾರ.